ಹಾಲು ಪಾಲು, ಹುಲಿ ಪುಲಿ: ಡೈರಿ ಗೋಡೆಯ ಮುಂದೆ ನನ್ನ ಮೂರು ವರ್ಷ

"ಹಾಡು ಕಟ್ಟಿ ಹುಲಿ ಉಳಿಸ್ತೀಯಾ?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ಆರ್ಕೆಸ್ಟ್ರಾದ ಗೆಳೆಯರು ಕೇಳಿದರು. ಕಾಡಿನ ಕೆಲಸದಲ್ಲೇ ಇರುವವರು ಕೇಳಿದರು. ಹೆಂಡತಿ ಏನೂ ಕೇಳಲಿಲ್ಲ, ಸುಮ್ನೆ ಪಾಸ್‌ಬುಕ್ ತಂದು ಮುಂದಿಟ್ಟಳು. ಈಗ ಆ ಹಾಡು, ಹುಲಿ ದನ ಹಿಡಿದರೆ ಫಾರೆಸ್ಟ್‌ನವರಿಗೆ ಫೋನ್ ಮಾಡಿ ಅನ್ನೋ ಹಾಡು, ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನ 11 ಊರುಗಳಲ್ಲಿ ಹಾಲಿನ ಕ್ಯಾನ್ ಹಿಡಿದವರ ಬಾಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಾಡಂಚಿನ ಊರುಗಳಲ್ಲಿ ಹಾಡು, ಚಿತ್ರ ಇಟ್ಟುಕೊಂಡು ಏನಾದರೂ ಮಾಡಬೇಕು ಅಂದುಕೊಂಡಿರುವವರಿಗೆ ಇದು. ದಮ್ಮಡಿ ಅನ್ನೋ ಚರ್ಮದ ವಾದ್ಯ ಕಾಯಿಸೋದು ಹೇಗೆ, ಗೋಡೆಗೆ ಗ್ರಿಡ್ ಎಳೆಯೋದು ಹೇಗೆ ಅಂತ ನಿಮಗೆ ಗೊತ್ತೇ ಇರುತ್ತೆ. ಅದನ್ನು ಹೇಳಲು ಹೋಗಲ್ಲ.

ನನ್ನ ಕಸುಬು ಎರಡು. ಬೋರ್ಡ್ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಅದು ಸತ್ತಿತು. ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ, ಅದು ಇನ್ನೂ ಉಸಿರಾಡುತ್ತಿದೆ. ಅಪ್ಪ ಕೊಳ್ಳೇಗಾಲದವರು, ಅಮ್ಮ ಅಂತಿಯೂರು ಕಡೆಯವರು. ಮನೆಯಲ್ಲಿ ಕನ್ನಡ, ತಮಿಳು ಎರಡೂ ಒಂದೇ ತಟ್ಟೆಯಲ್ಲಿ. ಹಾಗಾಗಿ ಮದುವೆ ಸ್ಟೇಜಿನಲ್ಲಿ ಎರಡು ಭಾಷೆಯ ಹಾಡಿಗೂ ನಾನೇ. ಇಬ್ಬರ ಬದಲು ಒಬ್ಬನಿಗೆ ಕೊಟ್ಟರೆ ಸಾಕಲ್ವಾ, ಅದಕ್ಕೇ ನನಗೆ ಬೇಡಿಕೆ.

ಮಲೆ ಮಹದೇಶ್ವರ ಬೆಟ್ಟದ ಸುತ್ತ ಓಡಾಡಿದವರಿಗೆ ಅಲ್ಲಿನ ಮಾತು ಗೊತ್ತು. ಒಂದು ಊರು ಕನ್ನಡ, ಮುಂದಿನ ಊರು ತಮಿಳು, ಅದರಾಚೆಯದು ಎರಡೂ. ಗಡಿ ದಾಟಿ ಬರಗೂರು ಬೆಟ್ಟಕ್ಕೆ ಹೋದರೆ ಇನ್ನೂ ಮಜಾ. ಅದು ತಮಿಳುನಾಡು, ಆದರೆ ಬರಗೂರು ತಳಿಯ ದನ ಸಾಕಿಕೊಂಡು ಬಂದ ಲಿಂಗಾಯತರು ಮನೆಯಲ್ಲಿ ಆಡೋದು ಕನ್ನಡ. ಇನ್ನು ಕಾಡಿಗೆ ಯಾವ ಗಡಿ? ಇತ್ತ ಬಿಳಿಗಿರಿರಂಗನ ಬೆಟ್ಟ, ಅತ್ತ ಸತ್ಯಮಂಗಲ, ಮೇಲೆ ಕಾವೇರಿ ವನ್ಯಧಾಮ. ನಡುವೆ ಮಾದಪ್ಪನ, ಅಂದರೆ ಮಹದೇಶ್ವರನ ಕಾಡು, 906 ಚದರ ಕಿಲೋಮೀಟರ್. ಹುಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ನಡೆದುಕೊಂಡೇ ಹೋಗುತ್ತೆ.

ಕಷ್ಟ ಎಲ್ಲಿದೆ ಅಂದರೆ, ಹುಲಿಯೋ ಚಿರತೆಯೋ ದನ ಹಿಡಿದ ಮಾರನೇ ದಿನ. ತಿಂದುಳಿದ ದನಕ್ಕೆ ಹುಲಿ ಮತ್ತೆ ಬಂದೇ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಹೊಟ್ಟೆ ಉರಿದವನ ಕೈಗೆ ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿ ಅಲ್ಲೇ ಸಿಗುತ್ತೆ. ಆ ಒಂದು ಹಗಲಿನಲ್ಲಿ ಅವನು ಫಾರೆಸ್ಟ್‌ನವರಿಗೆ ಫೋನ್ ಮಾಡಿದರೆ ಪರಿಹಾರದ ದಾರಿ ಇದೆ. ಮಾಡದಿದ್ದರೆ ಏನಾಗುತ್ತೆ ಅಂತ 2025ರ ಜೂನ್ 26ರಂದು ಎಲ್ಲರೂ ನೋಡಿದರು. ಮಾದಪ್ಪನ ಕಾಡಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ, ಐದೂ ಒಟ್ಟಿಗೆ ಸತ್ತು ಬಿದ್ದಿದ್ದವು. ವಿಷ ಹಾಕಿದ ದನದ ಮಾಂಸ ತಿಂದು.

ನಾನು ಶುರು ಮಾಡಿದ್ದು ಅದಕ್ಕೂ ಎರಡೂವರೆ ವರ್ಷ ಮೊದಲು. ಮೊದಲ ಎರಡು ವರ್ಷ ಪೂರ್ತಿ ದಂಡ. ಅದನ್ನೇ ಮೊದಲು ಹೇಳುತ್ತೇನೆ.

ಮೊದಲ ಹಾಡು ಹುಲಿಯ ಮೇಲೆ ಕಟ್ಟಿದೆ. ಗಿಟಾರ್ ಹಿಡಿದುಕೊಂಡು, ಕಾಡು ತಾಯಿ, ಹುಲಿ ಮಗ ಅಂತ. ಬೆಂಗಳೂರಿನಲ್ಲಿ ಒಂದು ಕಾರ್ಯಕ್ರಮದಲ್ಲಿ ಹಾಡಿದಾಗ ಜನ ಕಣ್ಣೊರೆಸಿಕೊಂಡರು. ಅಲ್ಲೇ ಕೆಟ್ಟೆ ನಾನು. ಹಾಡು ಗೆದ್ದಿತು ಅಂದುಕೊಂಡುಬಿಟ್ಟೆ. ಅದನ್ನೇ ಕೂತು ತಮಿಳಿಗೆ ಇಳಿಸಿದೆ, ಸಾಲಿಗೆ ಸಾಲು, ಪ್ರಾಸಕ್ಕೆ ಪ್ರಾಸ. ಒಂದು ತಮಿಳು ಊರಿನ ಮಾರಿಯಮ್ಮನ ಗುಡಿ ಮುಂದೆ ಹಾಡಿದೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಗಂಡಸರು ಬೀಡಿ ಹಚ್ಚಲು ಎದ್ದರು. ಮುಗಿದ ಮೇಲೆ ಒಬ್ಬರು ಅಜ್ಜಿ ಹತ್ತಿರ ಬಂದರು. "ಎನ್ನ ತಂಬಿ, ಪುಲಿಕ್ಕು ಪಾಟ್ಟು ಪಾಡುರೆ. ಎನ್ ಮಾಟ್ಟುಕ್ಕು ಯಾರು ಪಾಡುವಾ?" ಅಂದರು. ಹುಲಿಗೆ ಹಾಡು ಹೇಳ್ತೀಯಲ್ಲ ತಮ್ಮಾ, ನನ್ನ ದನಕ್ಕೆ ಯಾರು ಹಾಡ್ತಾರೆ ಅಂತ. ಬೈಗುಳ ಅಲ್ಲ ಅದು, ನಿಜವಾಗಿ ಕೇಳಿದ್ದು. ಹೋದ ವಾರವಷ್ಟೇ ಅವರ ಕರು ಹೋಗಿತ್ತಂತೆ.

ಆ ರಾತ್ರಿ ಬೈಕಿನಲ್ಲಿ ವಾಪಸ್ ಬರುವಾಗ ನನಗೆ ಉತ್ತರ ಹೊಳೆಯಿತು ಅಂತ ಬರೆದರೆ ಚೆನ್ನಾಗಿರುತ್ತೆ. ಹೊಳೆಯಲಿಲ್ಲ. ಪೆಟ್ರೋಲ್ ಖಾಲಿಯಾಗಿ ಮೂರು ಕಿಲೋಮೀಟರ್ ತಳ್ಳಿದೆ, ಅಷ್ಟೇ. ಅಜ್ಜಿಯ ಮಾತು ತಲೆಗೆ ಹತ್ತಲು ಇನ್ನೂ ಒಂದು ವರ್ಷ ಹಿಡಿಯಿತು.

ಎರಡನೇ ಸಲ ಎರಡು ಬೇರೆ ಬೇರೆ ಹಾಡು ಕಟ್ಟಿದೆ. ಕನ್ನಡದವರಿಗೆ ಒಂದು, ತಮಿಳಿನವರಿಗೆ ಒಂದು. ಹಾಡೇನೋ ಸುಮಾರಾಗಿಯೇ ಇದ್ದವು. ಆದರೆ ಎರಡೂ ಭಾಷೆಯವರು ಇರುವ ಊರಿನಲ್ಲಿ ಜಗಳವೇ ಬಂತು. "ಅವರಿಗೆ ಉದ್ದದ ಹಾಡು, ನಮಗೆ ಗಿಡ್ಡದು" ಅಂತ. ನಾನು ನಿಮಿಷ ಲೆಕ್ಕ ಹಾಕಿ ಸಮ ಮಾಡಿದೆ. ಆಗ ಮೊದಲು ಯಾವುದು ಹಾಡಬೇಕು ಅಂತ ತಕರಾರು. ಇಷ್ಟರಲ್ಲಿ ಹುಲಿ ಯಾರಿಗೂ ನೆನಪಿರಲಿಲ್ಲ, ನನಗೂ.

ಕಂಸಾಳೆ, ಅಂದರೆ ಮಾದಪ್ಪನ ಪದಕ್ಕೆ ಬಾರಿಸುವ ಕಂಚಿನ ತಾಳ, ಅದರ ವಿಷಯದಲ್ಲಿ ಒಂದು ಮಾತು. ಅಲ್ಲಿ ಹಾಡಬೇಕು ಅಂದರೆ ಬಟ್ಟಲ ಕಂಸಾಳೆಯ ನಡೆ ಬೇಕೇ ಬೇಕು ಅನ್ನಿಸಿ, ನಾನೂ ಒಂದು ಜೊತೆ ಕೊಂಡುಕೊಂಡೆ. 2,400 ಕೊಟ್ಟ ನೆನಪು. ಒಬ್ಬರು ಹಿರಿಯ ದೇವರಗುಡ್ಡರ, ಅಂದರೆ ಮಾದಪ್ಪನ ದೀಕ್ಷೆ ಪಡೆದು ಹಾಡುವವರ ಮುಂದೆ ಬಾರಿಸಿ ತೋರಿಸಿದೆ. ಪೂರ್ತಿ ಕೇಳಿದರು. ಆಮೇಲೆ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ದೀಕ್ಷೆ ಆಗಿದ್ದದಾ ಮಗಾ?" ಅಂದರು. ಇಲ್ಲ ಅಂದೆ. "ಹಂಗಾರೆ ಇದು ನಿನ್ನ ಕೈಗಲ್ಲ ಕಣಪ್ಪಾ. ದಮ್ಮಡಿ ಹಿಡ್ಕೊ, ಅದಕ್ಕೇನು ತಂಟೆ ಇಲ್ಲ." ಅವತ್ತಿನಿಂದ ಕಂಸಾಳೆ ಅವರದ್ದೇ, ದಮ್ಮಡಿ ನನ್ನದು. ಮೊದಲ ಎರಡು ಸಲ ಅವರಿಗೆ ಬಸ್ ಚಾರ್ಜು, ಊಟ ಬಿಟ್ಟು ಏನೂ ಕೊಟ್ಟಿರಲಿಲ್ಲ. ಸೇವೆ ಅಂತ ಬರುತ್ತಾರೆ ಅಂದುಕೊಂಡಿದ್ದೆ. ಮೂರನೇ ಸಲ ಬರಲಿಲ್ಲ. ಫೋನೂ ಎತ್ತಲಿಲ್ಲ. ತಪ್ಪು ನನ್ನದೇ. ಈಗ ಸಂಜೆಗೆ ಒಂದು ಸಾವಿರ ಅವರಿಗೆ, ಜೊತೆಯ ಹುಡುಗರಿಗೆ ಐನೂರು, ಹಾಡು ಶುರು ಆಗುವ ಮೊದಲೇ ಕೈಗೆ. ನೀವೂ ಹಾಗೇ ಮಾಡಿ.

ಈಗ ಗೋಡೆಗೆ ಬರುತ್ತೇನೆ. ಅಲ್ಲಿ ಕಳೆದುಕೊಂಡ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತೆ.

ಮೊದಲ ಗೋಡೆ ಶಾಲೆಯದು. ಎಲ್ಲರೂ ಶಾಲೆ ಗೋಡೆಯಲ್ಲೇ ಬರೆಯುತ್ತಾರಲ್ಲ, ನಾನೂ ಬರೆದೆ. ದೊಡ್ಡ ಹುಲಿ, ಹತ್ತಡಿ. ಮಕ್ಕಳು ಕುಣಿದಾಡಿದರು. ಆದರೆ ದನ ಕಳೆದುಕೊಳ್ಳುವವರು ಮಕ್ಕಳಲ್ಲ. ದನ ಸಾಕುವವರು ಶಾಲೆ ಕಡೆ ತಲೆ ಹಾಕೋದು ವೋಟು ಹಾಕುವಾಗ ಮಾತ್ರ. ಮೇಲಾಗಿ ಅದು ಸುಣ್ಣದ ಗೋಡೆ. ಹಳೇ ಸುಣ್ಣದ ಮೇಲೆ ನೇರ ಎಕ್ಸ್‌ಟೀರಿಯರ್ ಎಮಲ್ಷನ್ ಹೊಡೆದರೆ ಏನಾಗುತ್ತೆ ಅಂತ ಬೋರ್ಡ್ ಬರೆಯುವವನಾಗಿ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಕೆರೆಯುವ ಕೂಲಿ ಉಳಿಸಲು ಹೋದೆ. ಮೊದಲ ಮಳೆಗೆ ಬಣ್ಣ ಹಪ್ಪಳದ ಹಾಗೆ ಎದ್ದಿತು. ಎರಡನೇ ಮಳೆಗೆ ಹುಲಿಯ ಮೂತಿ ಕೆಳಗೆ ಬಿತ್ತು. ಮೇಷ್ಟರು ಫೋಟೊ ಕಳಿಸಿ "ನಿಮ್ಮ ಹುಲಿ ಅಳಿವಿನಂಚಿನಲ್ಲಿದೆ" ಅಂತ ಬರೆದಿದ್ದರು. 4,600 ರೂಪಾಯಿ ನೀರುಪಾಲು.

ಎರಡನೇ ಗೋಡೆ ಬಸ್ ಸ್ಟ್ಯಾಂಡಿನದು. ಈ ಸಲ ಬುದ್ಧಿವಂತಿಕೆ ಮಾಡಿ ಹುಲಿ ಮೇಲೆ ಕೂತ ಮಾದಪ್ಪನನ್ನು ಬರೆದೆ. ಮಾದಪ್ಪನ ವಾಹನವೇ ಹುಲಿ, ಇನ್ನೇನು ಬೇಕು ಅಂದುಕೊಂಡೆ. ಸಂಜೆಯೊಳಗೆ ನಾಲ್ಕು ಜನ ಯಜಮಾನರು ಬಂದರು. "ಅಯ್ಯಾ, ಇಲ್ಲಿ ಜನ ಎಲೆ ಅಡಿಕೆ ಉಗೀತಾರೆ, ಚಪ್ಪಲಿ ಬುಡ್ತಾರೆ. ಇಲ್ಲಿ ಮಾದಪ್ಪನ್ನ ಕೂರಿಸಿದ್ದೀಯಲ್ಲ!" ಅವರ ಮಾತು ಸರಿ. ನಾನೇ ಸುಣ್ಣ ತಂದು ನನ್ನ ಕೈಯಾರೆ ಬಳಿದೆ. ಬಳಿಯುವಾಗ ಹುಲಿಯನ್ನಾದರೂ ಬಿಡಲಾ ಅಂತ ಕೇಳಿದೆ. "ದೇವರಿಲ್ಲದ ಹುಲಿ ಕಾಡಲ್ಲೇ ಸಾಕಾಗಷ್ಟು ಅವೆ" ಅಂದರು. ಅದಕ್ಕೆ 3,200 ಹೋಯಿತು.

ಇಷ್ಟಾದ ಮೇಲೆ ಒಂದು ಬೆಳಿಗ್ಗೆ, ಸುಮಾರು ಆರೂಮುಕ್ಕಾಲು ಇರಬಹುದು, ಟೀ ಕುಡಿಯುತ್ತಾ ಒಂದು ಊರಿನ ಹಾಲಿನ ಡೈರಿ ಎದುರು ಕೂತಿದ್ದೆ. ಕ್ಯಾನ್ ಹಿಡಿದವರ ಸಾಲು ಇತ್ತು. ಕಾರ್ಯದರ್ಶಿ ಒಬ್ಬೊಬ್ಬರ ಹಾಲು ತೆಗೆದು ಫ್ಯಾಟ್ ನೋಡುತ್ತಿದ್ದರು. ಒಬ್ಬೊಬ್ಬರೂ ಹತ್ತು ನಿಮಿಷ ನಿಲ್ಲಲೇಬೇಕು. ಕಣ್ಣ ಮುಂದೆ ಖಾಲಿ ಗೋಡೆ. ದಿನಕ್ಕೆ ಎರಡು ಸಲ, ವರ್ಷಕ್ಕೆ 365 ದಿನ. ದನ ಸಾಕುವವರೇ, ಬೇರೆ ಯಾರೂ ಅಲ್ಲ. ಹೆಂಗಸರೂ ಇದ್ದಾರೆ, ಕನ್ನಡದವರೂ ತಮಿಳಿನವರೂ ಒಂದೇ ಸಾಲಿನಲ್ಲಿ. ಎರಡು ವರ್ಷ ಈ ಗೋಡೆಯ ಪಕ್ಕದಲ್ಲೇ ಬೈಕ್ ಓಡಿಸಿದ್ದೇನಲ್ಲ ಅಂತ ತಲೆ ಚಚ್ಚಿಕೊಂಡೆ.

ಅಲ್ಲಿ ಹುಲಿ ಬರೆಯಲಿಲ್ಲ. ಅಜ್ಜಿಯ ಮಾತು ಆಗ ತಲೆಗೆ ಹತ್ತಿತ್ತು. ಹಸು ಬರೆದೆ. ಮೊದಲ ಹಸುವಿಗೇ ಸಾಲಿನಲ್ಲಿದ್ದವರು ಬಾಯಿ ಹಾಕಿದರು. "ಇದ್ಯಾವ ತಳಿ ಸಾಮಿ? ಮೈ ಹಳ್ಳಿಕಾರು, ಕೊಂಬು ಜೆರ್ಸಿದು!" ಹಳ್ಳಿಕಾರಿನ ಕೊಂಬು ಹಣೆಯಿಂದ ಹಿಂದಕ್ಕೆ ಹೋಗಿ ತುದಿಯಲ್ಲಿ ಮುಂದಕ್ಕೆ ಬಾಗುತ್ತೆ. ನಾನು ಕ್ಯಾಲೆಂಡರ್ ನೋಡಿ ಬರೆದಿದ್ದೆ. ಒಬ್ಬರು ಸೀಮೆಸುಣ್ಣ ಕೇಳಿ ತೆಗೆದುಕೊಂಡು ತಾವೇ ಕೊಂಬು ತಿದ್ದಿದರು. ಮತ್ತೊಬ್ಬರು ಗಂಗೆದೊಗಲು ತಿದ್ದಿದರು. ಆಮೇಲೆ ಒಬ್ಬಾಕೆ, "ನಮ್ಮ ಗೌರಿನ ಬರೀತೀಯಾ?" ಅಂದಳು. ಗೌರಿ ಕೆಂಪು ಮೈಗೆ ಬಿಳಿ ಚಿಕ್ಕೆ ಇರುವ ಬರಗೂರು ದನ. ಬರೆದೆ. ಮಾರನೇ ದಿನ ಏಳು ಜನ ತಮ್ಮ ತಮ್ಮ ಹಸು ಹೊಡೆದುಕೊಂಡು ಬಂದು ಗೋಡೆ ಮುಂದೆ ನಿಲ್ಲಿಸಿದರು, ಸ್ಟುಡಿಯೋದಲ್ಲಿ ನಿಲ್ಲಿಸಿದ ಹಾಗೆ.

ಅದೇ ನನ್ನ ಗೋಡೆಯ ಗುಟ್ಟು. ಊರಿನ ದನಗಳು, ಹೆಸರಿನ ಸಮೇತ. ಹುಲಿ ಇದೆ, ಆದರೆ ಹುಡುಕಬೇಕು. ಹುಲ್ಲಿನ ನಡುವೆ ನಾಲ್ಕು ಪಟ್ಟೆ, ಒಂದು ಕಿವಿ. ಕೆಳಗೆ ಪಟ್ಟಿಯಲ್ಲಿ ಚಿತ್ರದಲ್ಲೇ ಹೇಳಿದ್ದೇನೆ: ಸತ್ತ ದನ ಎಳೆಯಬೇಡಿ, ಮುಚ್ಚಬೇಡಿ, ಫೋನ್ ಮಾಡಿ, ಫೋಟೊ ಹೊಡೆಯಿರಿ, ಗಾರ್ಡ್ ಬರಲಿ, ದನದ ಡಾಕ್ಟರ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಪಾಸ್‌ಬುಕ್ ಕೊಡಿ. ಅಕ್ಷರ ಎರಡೂ ಲಿಪಿಯಲ್ಲಿ, ಒಂದೇ ಅಳತೆ. ಅಳತೆ ಪಟ್ಟಿ ಇಟ್ಟೇ ನೋಡಿದ್ದಾರೆ, ತಮಾಷೆಗಲ್ಲ ಹೇಳುತ್ತಿರೋದು.

ಸುಣ್ಣದ ಗೋಡೆಗೆ ಪ್ರೈಮರ್ ಜೊತೆ ಏನು ಬೆರೆಸುತ್ತೇನೆ ಅನ್ನೋದು ಮಾತ್ರ ಕೇಳಬೇಡಿ. ಅದು ನಮ್ಮ ಗುರುಗಳು ಕೊಟ್ಟದ್ದು. ಎರಡು ಮಳೆಗಾಲ ತಡೆದಿದೆ, ಅಷ್ಟು ಹೇಳಬಲ್ಲೆ.

ಹಾಡು ಕೂಡ ಆ ಸಾಲಿನಲ್ಲೇ ಹುಟ್ಟಿತು. ಗೌರಿಯನ್ನು ಬರೆಯುವಾಗ ಹಿಂದೆ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಒಬ್ಬಳು ಹಾಲು ಅನ್ನುತ್ತಿದ್ದಳು, ಇನ್ನೊಬ್ಬಳು ಪಾಲು ಅನ್ನುತ್ತಿದ್ದಳು. ಇಬ್ಬರಿಗೂ ಅರ್ಥವಾಗುತ್ತಿತ್ತು. ಹುಟ್ಟಿದಾಗಿನಿಂದ ಎರಡೂ ಮಾತಾಡಿದವನು ನಾನು. ನನಗೆ ಅದು ಕೇಳಿಸಿದ್ದು ಅವತ್ತು. ತಮಿಳಿನಲ್ಲಿ ಪ ಆಗಿಯೇ ಉಳಿದದ್ದು ನಮ್ಮಲ್ಲಿ ಹ ಆಗಿದೆ. ಹಾಲು-ಪಾಲು, ಹಸು-ಪಸು, ಹಟ್ಟಿ-ಪಟ್ಟಿ, ಹಲ್ಲು-ಪಲ್ಲು, ಹುಲಿ-ಪುಲಿ. ಕುಂಚ ಕೆಳಗಿಟ್ಟು ಬೋರ್ಡಿನ ಹಿಂಭಾಗದಲ್ಲಿ ಪಟ್ಟಿ ಮಾಡುತ್ತಾ ಹೋದೆ. ಫಾರೆಸ್ಟ್ ಸಹಾಯವಾಣಿ 1926. ಹತ್ತೊಂಬತ್ತು ಇಪ್ಪತ್ತಾರು. ತಮಿಳಿನಲ್ಲಿ ಪತ್ತೊಂಬದು ಇರುಪತ್ತಾರು. ನಂಬರ್ ಕೂಡ ಹಾಡಿಗೆ ಬಂದು ಕೂತಿತು! ಅಷ್ಟು ಖುಷಿ ನನಗೆ ಮದುವೆ ದಿನವೂ ಆಗಿರಲಿಲ್ಲ.

ಪಲ್ಲವಿ ಹೀಗಿದೆ:

ಹಸುವೋ ಪಸುವೋ, ಹಾಲೋ ಪಾಲೋ,
ಹಟ್ಟಿಯೋ ಪಟ್ಟಿಯೋ ಕೇಳಣ್ಣ,
ಹುಲಿಯೋ ಪುಲಿಯೋ ಹಿಡಿದದ್ದು ಯಾರೋ
ಹತ್ತೊಂಬತ್ತು ಇಪ್ಪತ್ತಾರು ಒತ್ತಣ್ಣ.

ತಮಿಳಿನವರು ಕೊನೆ ಸಾಲಿಗೆ "ಪತ್ತೊಂಬದು ಇರುಪತ್ತಾರು ಸೊಲ್ಲಣ್ಣ" ಅಂತ ಎತ್ತಿಕೊಳ್ಳುತ್ತಾರೆ. ಎರಡು ಹಾಡಲ್ಲ, ಒಂದೇ ಹಾಡು. ಅನುವಾದವೂ ಅಲ್ಲ. ಯಾರು ಮೊದಲು ಅನ್ನೋ ಜಗಳ ಇಲ್ಲ, ಒಟ್ಟಿಗೇ ಕೂಗುತ್ತಾರೆ. ಮಧ್ಯದಲ್ಲಿ ಒಂದು ಸಾಲಿದೆ: "ಹಾಲು ನಮ್ದು, ಪಾಲು ಕಾಡ್ದು." ಕನ್ನಡದಲ್ಲಿ ಪಾಲು ಅಂದರೆ ಭಾಗ, ತಮಿಳಿನಲ್ಲಿ ಹಾಲು. ಎರಡು ಕಡೆಯವರೂ ಬೇರೆ ಬೇರೆ ಕಾರಣಕ್ಕೆ ನಗುತ್ತಾರೆ. ಕೊನೆ ಚರಣದಲ್ಲಿ ಇನ್ನೊಂದು ಜೋಡಿ ಪದ ಇದೆ. ಅದನ್ನು ಕೇಳಬೇಕು ಅಂದರೆ ಸಂಜೆ ಡೈರಿಗೆ ಬನ್ನಿ.

ಶ್ರುತಿ ವಿಷಯ ಮಾತ್ರ ನೆನಪಿಡಿ. ನಾನು ಸ್ಟೇಜಿನ ಅಭ್ಯಾಸದಲ್ಲಿ ಹಾರ್ಮೋನಿಯಂನ ಕಪ್ಪು ಎರಡಕ್ಕೆ, ಅಂದರೆ ಎತ್ತರಕ್ಕೆ ಹಿಡಿದಿದ್ದೆ. ಯಾರೂ ಜೊತೆಗೆ ಹಾಡುತ್ತಿರಲಿಲ್ಲ, ಸುಮ್ನೆ ಕೇಳುತ್ತಿದ್ದರು. ಬಿಳಿ ಒಂದಕ್ಕೆ ಇಳಿಸಿದೆ. ನನ್ನ ಗಂಟಲಿಗೆ ಅಲ್ಲಿ ಚಂದ ಬರಲ್ಲ. ಆದರೆ ಅವರ ಗಂಟಲು ಬಂತು. ಗಿಟಾರ್ ಅನ್ನಂತೂ ಆಮೇಲೆ ಮಾರಿಯೇ ಬಿಟ್ಟೆ, 18 ಸಾವಿರಕ್ಕೆ.

ಹಾಡು ಇನ್ನೇನು ಹಿಡಿಯಿತು ಅನ್ನುವಷ್ಟರಲ್ಲಿ ಐದು ಹುಲಿಗಳ ಸುದ್ದಿ. ಆ ಜುಲೈ ತಿಂಗಳು ಮರೆಯೋಕಾಗಲ್ಲ. ಬಂಧನ ಆಗಿತ್ತು, ವಿಚಾರಣೆ ನಡೆಯುತ್ತಿತ್ತು. ಕಾಡಿನಲ್ಲಿ ದನ ಮೇಯಿಸೋದನ್ನೇ ನಿಲ್ಲಿಸಬೇಕು ಅನ್ನೋ ಮಾತು ಸರ್ಕಾರದಿಂದ ಬಂತು. ದೊಡ್ಡಿ ಹಾಕಿಕೊಂಡು ತಲೆಮಾರುಗಳಿಂದ ಬದುಕಿದವರಿಗೆ ಕಾಲ ಕೆಳಗಿನ ನೆಲವೇ ಜಾರಿದ ಹಾಗಾಯಿತು. ಹುಲಿ ಅನ್ನೋ ಪದ ಹೇಳಿದರೆ ಜನ ಮುಖ ತಿರುಗಿಸುತ್ತಿದ್ದರು. ಒಂದು ಊರಿನಲ್ಲಿ ನನ್ನನ್ನು ಇಲಾಖೆಯ ಮಾಹಿತಿದಾರ ಅಂದುಕೊಂಡು ಬೈಕಿನ ಗಾಳಿ ತೆಗೆದರು. ಇನ್ನೊಂದು ಕಡೆ ಇಲಾಖೆಯ ಒಬ್ಬರು, ನಾನು ದನದವರ ಪರ ಹಾಡು ಕಟ್ಟುತ್ತೇನೆ ಅಂತ ಗದರಿದರು. ಎರಡು ಕಡೆಯಿಂದಲೂ ಬಿತ್ತು. ನನಗೆ ಆ ಮರಿಗಳ ಫೋಟೊ ನೋಡೋಕಾಗುತ್ತಿರಲಿಲ್ಲ. ಮನೆಯಲ್ಲಿ ಹಸು ಕಟ್ಟಿಕೊಂಡವರ ಮುಖವನ್ನೂ ನೋಡೋಕಾಗುತ್ತಿರಲಿಲ್ಲ. ಎರಡು ತಿಂಗಳು ಹಾಡಲಿಲ್ಲ, ಮದುವೆ ಸ್ಟೇಜು ಬಿಟ್ಟು.

ಆಗೊಮ್ಮೆ ಗೋಪಿನಾಥಂಗೆ ಹೋದೆ. ಆ ಊರಿನ ಹೆಸರು ಹೇಳಿದರೆ ಹೊರಗಿನವರಿಗೆಲ್ಲ ವೀರಪ್ಪನ್ ಒಬ್ಬನೇ ನೆನಪಾಗೋದು. ಅಲ್ಲಿನ ಮಾರಿಯಮ್ಮನ ಗುಡಿಯಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಫೋಟೊ ಇದೆ. 1991ರಲ್ಲಿ ವೀರಪ್ಪನ್ ಕೈಯಲ್ಲಿ ಸತ್ತವರು. ಊರಿಗೆ ಅವರು ಮಾಡಿದ ಕೆಲಸ ನೆನೆದು ಜನ ಇವತ್ತಿಗೂ ಪೂಜೆ ಮಾಡುತ್ತಾರೆ. ಫಾರೆಸ್ಟ್‌ನವರ ಫೋಟೊಗೆ ಹೂ ಇಡುವ ಊರು! ಅಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ. ಸೆಪ್ಟೆಂಬರಿನಲ್ಲಿ ಮತ್ತೆ ಶುರು ಮಾಡಿದೆ, ಈ ಸಲ ಹುಲಿ ಅನ್ನೋ ಪದಕ್ಕಿಂತ ಮೊದಲು ಹಸು ಬರುವ ಹಾಗೆ ಸಾಲು ಬದಲಿಸಿ. ಮೇಲೆ ಕೊಟ್ಟಿರೋದು ಆ ಬದಲಿಸಿದ ಸಾಲು.

ಮಧ್ಯೆ ಒಂದಿಷ್ಟು ಹುಚ್ಚಾಟ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಬೋಟ್ಸ್ವಾನಾದಲ್ಲಿ, ಒಕವಾಂಗೊ ಕಡೆ, ದನಗಳ ಹಿಂಭಾಗದಲ್ಲಿ ದೊಡ್ಡ ಕಣ್ಣು ಬರೆದು ನೋಡಿದ್ದಾರೆ. ಸಿಂಹ ಹೊಂಚು ಹಾಕಿ ಹಿಡಿಯುವ ಪ್ರಾಣಿ, ತನ್ನನ್ನು ನೋಡಿಬಿಟ್ಟರು ಅನ್ನಿಸಿದರೆ ಬಿಟ್ಟುಬಿಡುತ್ತೆ ಅನ್ನೋ ಲೆಕ್ಕ. ನಾಲ್ಕು ವರ್ಷ ಮಾಡಿದರು. ಕಣ್ಣು ಬರೆದ ಸುಮಾರು 680 ದನಗಳಲ್ಲಿ ಒಂದೂ ಸಾಯಲಿಲ್ಲ. ಏನೂ ಬರೆಯದವುಗಳಲ್ಲಿ 15 ಹೋದವು. 2020ರಲ್ಲಿ ಅದು ಅಚ್ಚಾಯಿತು. ಬಣ್ಣದವನಿಗೆ ಇದಕ್ಕಿಂತ ಒಳ್ಳೇ ಸುದ್ದಿ ಇದೆಯಾ?

ಒಂಬತ್ತು ದನಗಳಿಗೆ ಬರೆದೆ. ಅಚ್ಚು ಕತ್ತರಿಸಿಕೊಂಡು, ಸ್ಪಂಜಿನಲ್ಲಿ ಒತ್ತಿ. ಒಂದು ಎತ್ತು ಒದ್ದು ನನ್ನ ಮೊಣಕಾಲು ಊದಿತು. ನಮ್ಮ ದನ ಸಂಜೆ ಸಗಣಿಯಲ್ಲೇ ಮಲಗುತ್ತೆ, ಬೆಳಿಗ್ಗೆಗೆ ಒಂದು ಕಣ್ಣು ಮಾಯ. ಎರಡು ವಾರಕ್ಕೊಮ್ಮೆ ಮತ್ತೆ ಬರೆಯಬೇಕು. ಬರಗೂರು ದನಕ್ಕೆ ಮೊದಲೇ ಬಿಳಿ ಚಿಕ್ಕೆ, ಅದರ ಮೇಲೆ ಕಣ್ಣು ಕಾಣೋದೇ ಇಲ್ಲ. ಹುಡುಗರು ನಕ್ಕು ನಕ್ಕು ಸುಸ್ತಾದರು. ಒಂದು ಹಸುವಿನ ಯಜಮಾನ ಸಂತೆಗೆ ಹೊಡೆದುಕೊಂಡು ಹೋದಾಗ ಗಿರಾಕಿ ಇದೇನು ರೋಗ ಅಂತ ಕೇಳಿದನಂತೆ. ಒಂದೂವರೆ ತಿಂಗಳಿಗೆ ಕೈಬಿಟ್ಟೆ. ಒಂಬತ್ತರಲ್ಲಿ ಒಂದನ್ನೂ ಹುಲಿ ಹಿಡಿಯಲಿಲ್ಲ, ಆದರೆ ಪಕ್ಕದ ಬರೆಯದ ಮೂವತ್ತನ್ನೂ ಹಿಡಿಯಲಿಲ್ಲ. ಅಷ್ಟರಿಂದ ಏನು ಹೇಳೋಕಾಗುತ್ತೆ? ಪುರುಸೊತ್ತಿದ್ದು ಗಟ್ಟಿ ಮೊಣಕಾಲಿದ್ದವರು ಮುಂದುವರಿಸಿ.

ಮಕ್ಕಳಿಗೆ ಇನ್ನೊಂದು ಹಾಡು ಕಟ್ಟಿದೆ. ಹುಲಿ, ಹುಳಿ. ಪುಲಿ, ಪುಳಿ. ತಮಿಳಿನಲ್ಲಿ ಪುಳಿ ಅಂದರೆ ಹುಣಸೆ. ಅಮ್ಮ ಸಾರಿಗೆ ಹುಣಸೆ ತಾ ಅಂದರೆ ಮಗ ಹುಲಿ ಹಿಡಿದುಕೊಂಡು ಬರುತ್ತಾನೆ. ಅದರಿಂದ ಕಾಡಿಗೆ ಮೂರು ಕಾಸಿನ ಉಪಯೋಗ ಇಲ್ಲ. ಆದರೆ ಲ, ಳ ತಪ್ಪು ಹೇಳುತ್ತಿದ್ದ ಮಕ್ಕಳು ಸರಿಯಾಗಿ ಹೇಳಲು ಕಲಿತರು ಅಂತ ಮೇಷ್ಟರು ಖುಷಿಪಟ್ಟರು. ಅದೇ ಅಳಿವಿನಂಚಿನ ಮೇಷ್ಟರು. "ಮಾಡು" ಅನ್ನೋ ಪದದ ಮೇಲೂ ಆಡಲು ಹೋದೆ, ತಮಿಳಿನಲ್ಲಿ ದನ, ನಮ್ಮಲ್ಲಿ ಕೆಲಸ ಮಾಡು. ಅದರಲ್ಲಿ ಯಾಕೋ ಬಡ್ಡು ಹಾಡೇ ಬಂತು, ಬಿಟ್ಟೆ.

ಹಾಡು ಹರಡಿದ್ದು ಪೆನ್‌ಡ್ರೈವಿನಲ್ಲಿ. ಯೂಟ್ಯೂಬಿಗೆ ಹಾಕಿದ್ದೆ, ನೋಡಿದವರು 312 ಜನ, ಅದರಲ್ಲಿ ನೂರು ನಾನೇ ಇರಬೇಕು. ಆ ದಾರಿಗಳಲ್ಲಿ ಸಿಗ್ನಲ್ ಇರಲ್ಲ. ಹಾಲಿನ ಗಾಡಿ, ಸಾಮಾನಿನ ಆಟೋ, ಖಾಸಗಿ ಬಸ್ಸು, ಇವುಗಳ ಡ್ರೈವರ್‌ಗಳಿಗೆ ಪೆನ್‌ಡ್ರೈವ್ ಹಂಚಿದೆ. 40 ತೆಗೆದುಕೊಂಡೆ, ಒಂದಕ್ಕೆ 190ರ ಹಾಗೆ. ಅದರಲ್ಲಿ ನಮ್ಮ ದೇವರಗುಡ್ಡರು ತಾವೇ ಹಾಡಿದ ಮಾದಪ್ಪನ ಪದಗಳ ನಡುವೆ ನಮ್ಮ ಹಾಡು. ಎಷ್ಟನೇ ಜಾಗದಲ್ಲಿ ಇಟ್ಟರೆ ಡ್ರೈವರ್ ಮುಂದಕ್ಕೆ ಹಾರಿಸಲ್ಲ ಅನ್ನೋದು ಮೂರು ಸಲ ಬದಲಿಸಿ ಕಂಡುಕೊಂಡದ್ದು. ಅದೂ ಹೇಳಲ್ಲ. ಮೊದಲಂತೂ ಅಲ್ಲ.

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಮಾಡಿಸಿದ್ದೆ ಮೊದಲು, 9 ಸಾವಿರ. ಚೊಕ್ಕವಾಗಿತ್ತು, ಜೀವ ಇರಲಿಲ್ಲ. ಕೊನೆಗೆ ಡೈರಿ ಮುಂದೆಯೇ, ಕ್ಯಾನ್ ಸದ್ದಿನ ಜೊತೆಗೇ, ಫೋನಿನಲ್ಲಿ ಹಿಡಿದದ್ದು ಓಡುತ್ತಿದೆ. ಹಿಂದೆ ಒಂದು ಕರು ಅಂಬಾ ಅನ್ನುತ್ತೆ, ತಾಳಕ್ಕೆ ಸರಿಯಾಗಿ. ನಾನು ಮಾಡಿಸಿದ್ದು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಈಗ ಫಲ. ನವೆಂಬರಿನಲ್ಲಿ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ಗೊತ್ತಿಲ್ಲದ ನಂಬರ್. "ಅಣ್ಣಾ, ಆ ಪಾಟ್ಟು... ಹಸುವೋ ಪಸುವೋ... ಕೊನೇಲಿ ನಂಬರ್ ಬತ್ತದಲ್ಲ, ಹತ್ತೊಂಬತ್ತು ಆದ್ಮೇಲೆ ಎಷ್ಟು?" ಹಾಡಿನ ಸಾಲು ಅವನೇ ಗುನುಗುತ್ತಿದ್ದ, ಅರ್ಧ ಕನ್ನಡ ಅರ್ಧ ತಮಿಳು, ಪ್ರತಿ ಸಲ ಅಲ್ಲೇ ತಡೆಯುತ್ತಿದ್ದ. ಇಪ್ಪತ್ತಾರು ಅಂದೆ. ಏನಾಯಿತು ಅಂತ ಕೇಳಿದೆ. ಹೊಲದಂಚಿನಲ್ಲಿ ಕಡಸು ಹೋಗಿತ್ತು. ಅವನ ತಮ್ಮ ಔಷಧಿ ಡಬ್ಬಿ ತಂದು ಇಟ್ಟುಕೊಂಡು ಕೂತಿದ್ದ. "ಅವನಿಗೆ ಹೇಳಿದ್ದೀನಿ, ಒಂದು ಫೋನ್ ಮಾಡ್ತೀನಿ ತಾಳ್ಲಾ ಅಂತ." ಮತ್ತೇನೂ ಹೇಳದೆ ಇಟ್ಟ. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಟೆ. ನಾನು ಹೋಗುವಷ್ಟರಲ್ಲಿ ಗಾರ್ಡ್ ಬಂದು ಫೋಟೊ ಹೊಡೆಯುತ್ತಿದ್ದರು. ಕಡಸು ಬಿದ್ದಲ್ಲೇ ಇತ್ತು. ಡಬ್ಬಿ ದನದ ಕೊಟ್ಟಿಗೆಯ ಗೂಡಿನಲ್ಲಿತ್ತು, ಮುಚ್ಚಳ ಬಿಚ್ಚಿರಲಿಲ್ಲ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ತಮ್ಮ ಬಂದು ಏನೂ ಮಾತಾಡದೆ ಅದನ್ನು ಒಳಗೆ ತೆಗೆದುಕೊಂಡು ಹೋದ.

ದೀಪಾವಳಿಯಿಂದ ಈಚೆಗೆ ನನ್ನ ಊರುಗಳಲ್ಲಿ ನನಗೆ ತಿಳಿದ ಹಾಗೆ ಹೋದದ್ದು 14 ದನ, ಒಂದೆರಡು ಆಚೀಚೆ. 11ಕ್ಕೆ ಫೋನ್ ಹೋಗಿದೆ. ಮುಂಚೆ ನಾಲ್ಕಕ್ಕೆ ಒಂದು ಹೋದರೆ ಹೆಚ್ಚು ಅಂತ ಕಾರ್ಯದರ್ಶಿಯೊಬ್ಬರ ಅಂದಾಜು. ದುಡ್ಡು ಕೈಗೆ ಬಂದಿರೋದು ಆರು ಜನಕ್ಕೆ. ಉಳಿದವರ ಕಾಗದ ಎಲ್ಲೋ ಓಡಾಡುತ್ತಿದೆ. ಬರುವುದು ತಡವಾದರೆ ಜನ ನನ್ನ ಹಾಡನ್ನೇ ಬೈಯುತ್ತಾರೆ. ಕಾಡಿನ ಒಳಗೆ ಮೇಯುವಾಗ ಹೋದ ದನದ ಕಥೆ ಬೇರೆ, ಅದಕ್ಕೆ ನನ್ನ ಹಾಡಿನಲ್ಲಿ ಉತ್ತರ ಇಲ್ಲ. ಹಾಡು ಕಟ್ಟಬಹುದು, ಕಡತ ತಳ್ಳೋಕಾಗಲ್ಲ.

ಖರ್ಚು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಮೂರು ವರ್ಷ ಚಿಲ್ಲರೆಯಲ್ಲಿ ಒಟ್ಟು ಎರಡು ಮುಕ್ಕಾಲು ಲಕ್ಷದ ಹತ್ತಿರ. ಒಂದು ಸಂಸ್ಥೆ 60 ಸಾವಿರ ಕೊಟ್ಟಿತ್ತು, ಆದರೆ ವರದಿ ಇಂಗ್ಲಿಷಿನಲ್ಲೇ ಬೇಕು, ಎಷ್ಟು ಜನರ ಮನಸ್ಸು ಬದಲಾಯಿತು ಅಂತ ಶೇಕಡಾವಾರು ಬೇಕು ಅಂತ ಪೀಡಿಸಿ ಬಿಟ್ಟರು. ಅದನ್ನು ಬರೆಸಲು ನಾಲ್ಕು ಸಾವಿರ ಹೋಯಿತು. ಗಿಟಾರ್ 18 ಸಾವಿರ. ಉಳಿದದ್ದೆಲ್ಲ ಮದುವೆ ಸ್ಟೇಜಿನ ದುಡ್ಡು, ಸೀಸನ್ನಿನಲ್ಲಿ ರಾತ್ರಿಗೆ ಎರಡೂವರೆ ಸಾವಿರ ಸಿಗುತ್ತೆ. ಒಂದು ಡೈರಿ ಗೋಡೆಗೆ ಈಗ 2,600ರಲ್ಲಿ ಮುಗಿಸುತ್ತೇನೆ, ಬಣ್ಣ, ಪ್ರೈಮರ್, ಕುಂಚ ಸೇರಿ. ಸೂಪರ್ವೈಸರ್ ಒಬ್ಬರು ಫ್ಲೆಕ್ಸ್ ಹಾಕಿದರೆ 800ಕ್ಕೆ ಆಗುತ್ತಲ್ಲ ಅಂದರು. ಫ್ಲೆಕ್ಸಿನಲ್ಲಿ ಅವರ ಹಸು ಇರುತ್ತಾ ಅಂತ ಕೇಳಿದೆ. ಆಮೇಲೆ ಅವರೇ ತಮ್ಮ ಊರಿನ ಡೈರಿಗೆ ಬರೆಯಲು ಕರೆದರು.

ಈಗ ಕೈಯಲ್ಲಿರೋದು ಹತ್ತನೇ ಗೋಡೆ. ಅಲ್ಲಿಯ ಅಧ್ಯಕ್ಷರು ಬಣ್ಣದ ಅರ್ಧ ಖರ್ಚು ಕೊಡುತ್ತೇನೆ ಅಂದಿದ್ದಾರೆ, ಆದರೆ ತಮ್ಮ ಹಸು ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ದೊಡ್ಡದಾಗಿ ಬರಬೇಕಂತೆ. ಸಾಲಿನಲ್ಲಿ ನಿಲ್ಲುವ ಹೆಂಗಸರು ಒಪ್ಪುತ್ತಿಲ್ಲ. ಆ ಹಸು ದಿನಕ್ಕೆ ಎರಡು ಲೀಟರ್ ಕೂಡ ಕೊಡಲ್ಲ ಅಂತ ಅವರ ವಾದ. ಮೊನ್ನೆ ಪ್ರೈಮರ್ ಹೊಡೆದು ಬಂದಿದ್ದೇನೆ. ಒಣಗುವಷ್ಟರಲ್ಲಿ ಅವರೇ ಒಂದು ತೀರ್ಮಾನಕ್ಕೆ ಬರಲಿ ಅಂತ ಕಾಯುತ್ತಿದ್ದೇನೆ.